ದೋಣಿ ತಳದ ಹೆಸರು

ಕರಿಬಸವರಾಜ: ತಳ ಕಾಣ್ಬೇಕು ಅಂದ್ರೆ ಕಾಣ್ಬೇಕು, ಅಷ್ಟೇ!

ನಿರ್ಮಲಮ್ಮ: ದೋಣಿ ತಳ ಯಾರಿಗೆ ಕಾಣ್ಬೇಕ್ರಿ? ಮೀನಿಗಾ?

ಕರಿಬಸವರಾಜ: ಜನಕ್ಕೆ ಕಣೇ! ಕೆರೆ ದಂಡಿ ಮ್ಯಾಲೆ ನಿಂತ ಜನಕ್ಕೆ!

ನಿರ್ಮಲಮ್ಮ: ದಂಡಿ ಮ್ಯಾಲೆ ನಿಂತೋರಿಗೆ ತಳ ಕಾಣ್ತು ಅಂದ್ರೆ ದೋಣಿ ಮಗುಚೈತೆ ಅಂತ ಅರ್ಥ.

ದಾವಣಗೆರೆ ಸರಸ್ವತಿ ನಗರದ ಮನೆಯೊಂದರ ಹಿತ್ತಲು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಪಾತ್ರೆ ಅಂಗಡಿಯ ಕರಿಬಸವರಾಜ ಕೂತಿದ್ದಾರೆ. ಎದುರಿಗೆ ಸೊಂಟದ ಮೇಲೆ ಕೈಯಿಟ್ಟ ಹೆಂಡತಿ ನಿರ್ಮಲಮ್ಮ. ನಡುವೆ ನೀರು ತುಂಬಿದ ಸಿಮೆಂಟಿನ ತೊಟ್ಟಿ. ತೊಟ್ಟಿಯ ಪಕ್ಕ ಹರಿಹರದ ನಿಂಗರಾಜ್. ಇವನ ತಾತ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದ, ಇವನು ಮೋಟಾರು ದೋಣಿ ಕಟ್ಟುತ್ತಾನೆ. ಕೊಂಡಜ್ಜಿ ಕೆರೆಗೆ ಒಂದು ಮೋಟಾರು ದೋಣಿ ಕೊಡುಗೆ ಕೊಡುತ್ತೇನೆಂದು ಕರಿಬಸವರಾಜ ಊರಿನ ಕೆರೆ ಸಮಿತಿಗೆ ಮಾತು ಕೊಟ್ಟು ಎಂಟು ದಿನವಾಯಿತು. ಯಾವ ತಳದ ದೋಣಿ ಬೇಕು ಎಂದು ನಿಂಗರಾಜ್ ಕೇಳಿ ಎರಡು ತಾಸಾಯಿತು.

ನಿಂಗರಾಜ್: ಸಾವ್ಕಾರ್ರೆ, ದೋಣಿ ತಳ ಇರೋದು ನೋಡಾಕಲ್ರಿ. ತೇಲಾಕೆ.

ಕರಿಬಸವರಾಜ: ಲೋ ನಿಂಗರಾಜ, ನಲವತ್ತು ವರ್ಷದಿಂದ ಪಾತ್ರೆ ಮಾರ್ತಿದೀನಿ. ಗಿರಾಕಿ ಬಂದೋನು ಮೊದ್ಲು ಏನ್ ಮಾಡ್ತಾನೆ? ಪಾತ್ರೆ ಮಗುಚಿ ತಳ ಬಡೀತಾನೆ. ಟಣ್ ಅಂದ್ರೆ ತಗಂತಾನೆ, ದಬ್ ಅಂದ್ರೆ ಇಟ್ಟು ಹೋಗ್ತಾನೆ. ತಳಾನೇ ಪಾತ್ರೆ ಮುಖ.

ನಿರ್ಮಲಮ್ಮ: ಅದಕ್ಕೇ ನನ್ನ ನೋಡಾಕ ಬಂದಾಗ ಇವರು ಬರೀ ಕಾಲು ನೋಡಿ ಹೋಗಿದ್ರು.

ಕರಿಬಸವರಾಜ: ನೀನು ಸುಮ್ನಿರೇ. ಲೋ, ಹೆಸರು ಬರೆಸೋದು ಎಲ್ಲಿ? ತಳಕ್ಕೇ. ನಮ್ಮ ಅಂಗಡ್ಯಾಗೆ ಎಂಥಾ ಪಾತ್ರೆ ಕೊಂಡ್ರೂ ಹೆಸರು ತಳಕ್ಕೇ ಹಾಕಿ ಕೊಡೋದು.

ನಿಂಗರಾಜ್: ಪಕ್ಕಕ್ಕೆ ಬರೆದ್ರೆ ದೊಡ್ಡದಾಗಿ ಕಾಣ್ತೈತಲ್ರಿ.

ಕರಿಬಸವರಾಜ: ಪಕ್ಕಕ್ಕೆ ಬರೆದ್ರೆ ಜನ ಮಿರ್ಚಿ ತಿಂದ ಕೈ ಒರೆಸ್ತಾರೆ. ಮತ್ತೆ ಕಳ್ಳರು. ಕದ್ದೋನು ಪಕ್ಕ ಉಜ್ಜಿ ಅಳಿಸ್ತಾನೆ, ತಳ ನೋಡಂಗಿಲ್ಲ. ನಾಳೆ ಯಾವುದಾರ ಮದುವಿ ಮನ್ಯಾಗೆ ನಮ್ಮ ಪಾತ್ರೆ ಸಿಕ್ತು ಅಂದ್ರೆ ಮಗುಚಿ ಓದಿ, ಎತ್ಕಂಡು ಬರಬಹುದು.

ನಿರ್ಮಲಮ್ಮ: ಮೋಟಾರು ದೋಣಿ ಕದ್ದು ಮದುವಿ ಮನ್ಯಾಗೆ ಸಾಂಬಾರು ಕಾಸ್ತಾರೇನ್ರಿ?

ನಿಂಗರಾಜ್ ತಲೆ ಕೆರೆದುಕೊಂಡ. ಚೀಲದಲ್ಲಿ ತಂದ ಚಿತ್ರಗಳನ್ನು ಆಗಲೇ ಮೂರು ಸಲ ತೋರಿಸಿದ್ದ. ಮೂರು ಸಲವೂ ಕರಿಬಸವರಾಜ ಕಾಗದವನ್ನೇ ಮಗುಚಿ ಹಿಂದಿನ ಬದಿ ನೋಡಿದ್ದರು.

ನಿಂಗರಾಜ್: ಅಮ್ಮಾರೆ, ಅಡಿಗಿ ಮನ್ಯಾಗಿಂದ ಒಂದೆರಡು ಪಾತ್ರೆ ಕೊಡ್ರಿ. ಸಾವ್ಕಾರ್ರಿಗೆ ಪಾತ್ರೆ ಭಾಷ್ಯಾಗೇ ಹೇಳ್ತೀನಿ.

ಪರಾತ ಬಂತು, ದುಂಡು ತಳದ ಬೋಗುಣಿ ಬಂತು, ಅವುಗಳ ಹಿಂದೆ ಹಿಟ್ಟಿನ ಡಬ್ಬಿ, ಜರಡಿ, ಸೌಟು ಎಲ್ಲವೂ ಬಂದವು. ನಿಂಗರಾಜ್ ಪರಾತವನ್ನು ಮೆಲ್ಲಗೆ ತೊಟ್ಟಿಯ ನೀರಿಗೆ ಬಿಟ್ಟ.

ನಿಂಗರಾಜ್: ನೋಡ್ರಿ, ಇದು ಚಪ್ಪಟೆ ತಳ. ಮೊಣಕಾಲುದ್ದ ನೀರಿದ್ರೂ ಸಾಕು, ತೇಲ್ತೈತೆ. ಕೊಂಡಜ್ಜಿ ಕೆರೆ ದಂಡ್ಯಾಗೆ ಜೊಂಡು ಬೆಳದೈತೆ, ನೀರು ಕಮ್ಮಿ. ನನ್ನ ಕೇಳಿದ್ರೆ ಇದೇ ಸರಿ.

ಕರಿಬಸವರಾಜ: ಐಬು ಏನು?

ನಿಂಗರಾಜ್: ಅಲೆ ಎದ್ರೆ ಧಬ್ ಧಬ್ ಅಂತ ಬಡೀತೈತೆ. ಹಂಪ್ಸ್ ಮ್ಯಾಲೆ ಆಟೋ ಹಾರಿದಂಗೆ. ಸೊಂಟ ಹಿಡ್ಕಂತೈತೆ.

ಕರಿಬಸವರಾಜ: ಸೊಂಟ ಬಿಡೋ. ಹೆಸರಿಗೆ ಜಾಗ?

ನಿಂಗರಾಜ್: ಜಾಗ ಬೇಕಾದಷ್ಟೈತ್ರಿ. ನಿಮ್ಮ ಹೆಸರು, ನಿಮ್ಮಪ್ಪಾರ ಹೆಸರು, ಅಂಗಡಿ ವಿಳಾಸ, ಫೋನ್ ನಂಬರ್ ಎಲ್ಲಾ ಹಿಡೀತೈತೆ. ಆದ್ರೆ ಅಷ್ಟೂ ನೀರಿನ ಕೆಳಗ.

ಕರಿಬಸವರಾಜ: ಮತ್ತೆ ಅದನ್ನ ಓದೋರ್ಯಾರು?

ನಿರ್ಮಲಮ್ಮ: ಆಮೆ.

ಪರಾತವನ್ನು ಎತ್ತಿಟ್ಟು ನಿಂಗರಾಜ್ ಬೋಗುಣಿ ಬಿಟ್ಟ. ಅದು ನೀರಿನಲ್ಲಿ ಒಂದು ಸುತ್ತು ತಿರುಗಿ, ಎಡಕ್ಕೂ ಬಲಕ್ಕೂ ತೂಗಿ, ಕೊನೆಗೆ ತೊಟ್ಟಿಯ ಮೂಲೆ ಸೇರಿತು.

ನಿಂಗರಾಜ್: ಇದು ದುಂಡು ತಳ. ಎಮ್ಮೆ ಕೆರ್ಯಾಗೆ ಹೋಗೋದು ನೋಡೀರಲ್ಲ? ನೀರನ್ನ ಆಚೆ ಈಚೆ ಸರಿಸ್ಕಂತಾ, ಸರಿಸ್ಕಂತಾ. ಹಂಗೇ ಇದು. ಎಷ್ಟು ದೊಡ್ಡ ಮೋಟಾರು ಹಾಕಿದ್ರೂ ನೀರಿನಿಂದ ಮ್ಯಾಲೆ ಏಳಂಗಿಲ್ಲ. ಆದ್ರೆ ಸಣ್ಣ ಮೋಟಾರು ಸಾಕು, ಎಣ್ಣೆ ಉಳೀತೈತೆ.

ನಿರ್ಮಲಮ್ಮ: ನಮ್ಮ ಯಜಮಾನ್ರು ಊಟ ಆದ್ಮೇಲೆ ಮಂಚದ ತನಕ ಹಿಂಗೇ ಹೋಗ್ತಾರೆ.

ಕರಿಬಸವರಾಜ: ಬ್ಯಾಡ, ಇದು ಬ್ಯಾಡ. ಏಳೋದು ತೋರ್ಸು.

ನಿಂಗರಾಜ್: ಏಳೋದು ಬ್ಯಾರೆ ಜಾತಿ. ತೆಳು ಕಲ್ಲನ್ನ ನೀರ ಮ್ಯಾಲೆ ಅಡ್ಡಡ್ಡ ಬೀಸಿ ಒಗೆದ್ರೆ ಪುಟುಪುಟು ಜಿಗಿತೈತಲ್ರಿ? ಹಂಗೆ, ಜೋರು ಬಂದ್ರೆ ನೀರ ಮ್ಯಾಲೆ ಏರ್ಕಂಡು ಓಡೋ ತಳ. ಅದ್ರಾಗೆ ಒಂದು ಚೂಪು ತಳ ಅಂತ ಐತೆ. ಆದ್ರೆ ತಳ ಚೂಪಿರೋ ಪಾತ್ರೆ ಈ ಮನ್ಯಾಗೆ ಯಾವುದೂ ಇದ್ದಂಗಿಲ್ಲ.

ನಿರ್ಮಲಮ್ಮ ಒಳಗೆ ಹೋಗಿ, ಬೆಳಗ್ಗೆ ತಂದ ಮಂಡಕ್ಕಿಯ ಕಾಗದದ ಪೊಟ್ಟಣ ಹಿಡಿದು ಬಂದರು. ಮಂಡಕ್ಕಿಯನ್ನು ಡಬ್ಬಿಗೆ ಸುರಿದು ಪೊಟ್ಟಣವನ್ನು ಮಾತ್ರ ಕೊಟ್ಟರು.

ನಿಂಗರಾಜ್: ಭೇಷ್ ಅಮ್ಮಾರೆ! ಇದೇ ನೋಡ್ರಿ. ಮಂಡಕ್ಕಿ ಪೊಟ್ಟಣಾನ ನೆಲಕ್ಕೆ ಇಡಾಕೆ ಬರ್ತೈತಾ? ಬರಂಗಿಲ್ಲ, ಉರುಳ್ತೈತೆ. ಚೂಪು ತಳದ ದೋಣೀನೂ ನಿಂತಾಗ ಹಂಗೇ ಒಲ್ಯಾಡ್ತೈತೆ. ಆದ್ರೆ ಓಡಾಕ ಹತ್ತಿದ್ರೆ ಅಲೇನ ಸೀಳ್ಕಂಡು, ಮೂತಿ ಮ್ಯಾಲೆತ್ಕಂಡು ಹೋಗ್ತೈತೆ.

ಕರಿಬಸವರಾಜ ಒಗೆಯುವ ಕಲ್ಲಿನ ಮೇಲಿಂದ ಜಿಗಿದು ನಿಂತರು.

ಕರಿಬಸವರಾಜ: ಮೂತಿ ಎತ್ತುತ್ತಾ?

ನಿಂಗರಾಜ್: ಎತ್ತುತ್ತೆ.

ಕರಿಬಸವರಾಜ: ಎತ್ತಿದ್ರೆ ತಳ ಕಾಣುತ್ತಾ?

ನಿಂಗರಾಜ್: ಮುಂದಿನ ಅರ್ಧ ಕಾಣ್ತೈತೆ.

ಕರಿಬಸವರಾಜ: ಮುಗೀತು! ಇದೇ! ಬರಕೋ, ಚೂಪು ತಳ!

ನಿಂಗರಾಜ್: ತಡೀರಿ ಸಾವ್ಕಾರ್ರೆ. ಇದಕ್ಕೆ ದೊಡ್ಡ ಮೋಟಾರು ಬೇಕು, ಆಳ ನೀರು ಬೇಕು, ಓಡಾಕೆ ದೂರ ಬೇಕು. ಕೊಂಡಜ್ಜಿ ಕೆರ್ಯಾಗೆ ಇದು ಮೂತಿ ಎತ್ತೋದ್ರಾಗೆ ಆಚೆ ದಂಡಿ ಬಂದಿರ್ತೈತೆ.

ಕರಿಬಸವರಾಜ: ಬರ್ಲಿ.

ನಿಂಗರಾಜ್: ಬಂದು ನಿಲ್ಲಂಗಿಲ್ರಿ! ಏರಿ ಹತ್ತಿ ಆಚೆ ಗದ್ದಿಗೆ ಇಳೀತೈತೆ!

ಕರಿಬಸವರಾಜ: ಇಳೀಲಿ ಬಿಡೋ. ಗದ್ದ್ಯಾಗಿನ ಜನಾನೂ ಓದ್ಲಿ.

ನಿರ್ಮಲಮ್ಮ: ಅರ್ಧ ತಾನೇ ಕಾಣೋದು? 'ಕರಿಬ' ಅನ್ನೋವರೆಗೆ ಮ್ಯಾಲೆ, ಉಳಿದದ್ದು ನೀರಾಗೆ. ಕೊಂಡಜ್ಜಿ ಜನ ಎಲ್ಲಾ, 'ಯಾರಪ್ಪ ಈ ಕರಿಬ?' ಅಂತ ಕೇಳ್ತಾರೆ.

ಕರಿಬಸವರಾಜರ ಮುಖ ಸಣ್ಣದಾಯಿತು. 'ಕರಿಬ' ಎಂದು ಒಮ್ಮೆ ಮೆಲ್ಲಗೆ ಹೇಳಿ ನೋಡಿದರು. ಸರಿ ಕಾಣಲಿಲ್ಲ.

ನಿರ್ಮಲಮ್ಮ: ಹೆಸರಿನ ಹುಚ್ಚು ಇವರಿಗೆ ಇವತ್ತಿಂದಲ್ಲ ನಿಂಗರಾಜ. ಮಠಕ್ಕೆ ಫ್ಯಾನ್ ಕೊಟ್ರು. ಮೂರು ರೆಕ್ಕಿಗೂ ಹೆಸರು. ಫ್ಯಾನ್ ತಿರುಗಿದ್ರೆ ಹೆಸರು ಕಾಣಂಗಿಲ್ಲ ಅಂತ, ಬ್ಯಾಸಿಗ್ಯಾಗೆ, ಪ್ರವಚನದ ನಡುವೆ ಎದ್ದು ಹೋಗಿ ಆಫ್ ಮಾಡಿ ಬಂದ್ರು. ಇನ್ನೂರು ಜನ ಬೆವರು ಒರೆಸ್ಕಂತಾ ಇವರ ಹೆಸರು ಓದಿದ್ರು.

ಕರಿಬಸವರಾಜ: ಓದಿದ್ರೋ ಇಲ್ವೋ?

ನಿರ್ಮಲಮ್ಮ: ಬಸ್ ನಿಲ್ದಾಣಕ್ಕೆ ಬೆಂಚು ಕೊಟ್ರು. ಜನ ಕೂತ್ರೆ ಹೆಸರು ಮುಚ್ಚುತ್ತೆ ಅಂತ ಕೂತೋರನ್ನ ಎಬ್ಬಿಸ್ತಾ ನಿಂತಿದ್ರು. ಒಬ್ಬ ಮುದುಕಿ, 'ಕೂಡಾಕೆ ಬ್ಯಾಡ ಅಂದ್ರೆ ಬೆಂಚು ಯಾಕಪ್ಪ, ಗ್ವಾಡಿ ಕಟ್ಟಿಸಬಾರ್ದಾ?' ಅಂದ್ಲು.

ಕರಿಬಸವರಾಜ: ಎಲ್ಲಾದ್ರಾಗೂ ನೀನೂ ಇದ್ದೀಯಲ್ಲೇ. 'ಕರಿಬಸವರಾಜ ಮತ್ತು ಕುಟುಂಬ'. ಕುಟುಂಬ ಅಂದ್ರೆ ನೀನೇ.

ನಿರ್ಮಲಮ್ಮ ಇದಕ್ಕೇ ಕಾದಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ನಿಂಗರಾಜ್ ಎರಡು ಹೆಜ್ಜೆ ಹಿಂದೆ ಸರಿದ.

ನಿರ್ಮಲಮ್ಮ: ಮೂವತ್ತೆರಡು ವರ್ಷ ಆತು, ನಾನು 'ಮತ್ತು ಕುಟುಂಬ' ಆಗಿ! ಫ್ಯಾನಿನಾಗೆ 'ಮತ್ತು ಕುಟುಂಬ', ಬೆಂಚಿನಾಗೆ 'ಮತ್ತು ಕುಟುಂಬ', ಗುಡಿ ಗಂಟಿ ಮ್ಯಾಲೆ ಜಾಗ ಸಾಲದೆ ಬರೀ 'ಮತ್ತು'. ಕೊಂಡಜ್ಜಿ ಯಾರ ತವರ್ರಿ?

ಕರಿಬಸವರಾಜ: ನಿಂದು.

ನಿರ್ಮಲಮ್ಮ: ಆ ಕೆರ್ಯಾಗೆ ಸೋರೆ ಬುರುಡಿ ಕಟ್ಕಂಡು ಈಸು ಕಲ್ತೋರು ಯಾರು?

ಕರಿಬಸವರಾಜ: ನೀನು.

ನಿರ್ಮಲಮ್ಮ: ನೀವು ಈಸಿದ್ದು ಎಲ್ಲಿ?

ಕರಿಬಸವರಾಜ: ನಾನು ಬಕೆಟ್‌ನಾಗೆ ಸ್ನಾನ ಮಾಡೋನು. ಅದನ್ನ ಯಾಕ ಕೇಳ್ತಿ?

ನಿರ್ಮಲಮ್ಮ: ಅದಕ್ಕೇ ಕೇಳ್ತಿದೀನಿ. ನನ್ನ ಊರ ಕೆರಿಗೆ ದೋಣಿ ಹೋಗ್ತೈತೆ ಅಂದ್ರೆ ಅದರ ಮ್ಯಾಲೆ ನನ್ನ ಹೆಸರು ಬರ್ಬೇಕು. ನಿರ್ಮಲಮ್ಮ ಅಂತ. ಪೂರಾ. ಈ ಮನ್ಯಾಗೆ ನನ್ನ ಹೆಸರಿರೋ ಒಂದು ಚಮಚ ಇದ್ರೆ ತೋರಿಸ್ರಿ ನೋಡಾನ, ಮಾತು ವಾಪಸ್ ತಗಂತೀನಿ.

ಕರಿಬಸವರಾಜ ಸವಾಲು ಸ್ವೀಕರಿಸಿದರು. ಪರಾತ ಮಗುಚಿದರು: ಕರಿಬಸವರಾಜ. ಬೋಗುಣಿ ಮಗುಚಿದರು: ಅವರಪ್ಪನ ಹೆಸರು. ಹಿಟ್ಟಿನ ಡಬ್ಬಿ: ಕರಿಬಸವರಾಜ. ಸೌಟಿನ ಹಿಡಿ, ಜರಡಿಯ ಅಂಚು, ಎಲ್ಲೆಲ್ಲೂ ಚುಕ್ಕಿ ಚುಕ್ಕಿಯಾಗಿ ಅವರದೇ ಹೆಸರು. ಕೊನೆಗೆ ಕಟ್ಟೆಯ ಮೇಲೆ ತೊಳೆದಿಟ್ಟ ಒಂದು ಪುಟ್ಟ ಡಬ್ಬಿ ಸಿಕ್ಕಿತು.

ಕರಿಬಸವರಾಜ: ಇಲ್ನೋಡು! ಇಲ್ನೋಡೇ! ಹೆಂಗಸಿನ ಹೆಸರು! ಓದ್ತೀನಿ ಕೇಳು. ಮಾ... ಬೂ... ಬೀ.

ನಿರ್ಮಲಮ್ಮ: ಅದು ಪಕ್ಕದ ಮನೆ ಮಾಬೂಬೀ ಡಬ್ಬಿ! ರಂಜಾನಿಗೆ ಸುರಕುಂಬಾ ಪಾಯಸ ಕಳ್ಸಿದ್ಲು, ವಾಪಸ್ ಕೊಡ್ಬೇಕು. ಅವಳ ಗಂಡ ಹೆಂಡ್ತಿ ಹೆಸರು ಹಾಕ್ಸಾನೆ. ಎಲ್ಲಿ ಹಾಕ್ಸಿದ್ದು ಗೊತ್ತೇನ್ರಿ? ನಿಮ್ಮ ಅಂಗಡ್ಯಾಗೆ! ಕೊರೆದೋರು ನೀವೇ!

ಕರಿಬಸವರಾಜ ಡಬ್ಬಿಯನ್ನು ಬಿಸಿಲಿಗೆ ಹಿಡಿದು ಅಕ್ಷರ ನೋಡಿದರು.

ಕರಿಬಸವರಾಜ: ಚುಕ್ಕಿ ಚೊಕ್ಕ ಬಂದಾವೆ.

ನಿರ್ಮಲಮ್ಮ: ನನ್ನ ಹೆಸರಿಲ್ಲ ಅಂದ್ರೆ, ದೋಣಿ ಪೂಜೆ ದಿವಸ ಕೆರೆ ದಂಡಿ ಮ್ಯಾಲೆ ಮಂಡಕ್ಕಿ ಇಲ್ಲ, ಮಿರ್ಚಿ ಇಲ್ಲ. ಇನ್ನೂರು ಜನಕ್ಕೆ ನಿಮ್ಮ ಹೆಸರನ್ನೇ ಬಡಿಸ್ರಿ.

ಮಂಡಕ್ಕಿ ಮಿರ್ಚಿ ಇಲ್ಲದ ಸಮಾರಂಭಕ್ಕೆ ಈ ಸೀಮೆಯಲ್ಲಿ ಯಾರೂ ಬರುವುದಿಲ್ಲ. ಬರದವರು ಹೆಸರು ಓದುವುದಿಲ್ಲ. ಕರಿಬಸವರಾಜ ನಿಂಗರಾಜನ ಮುಖ ನೋಡಿದರು. ನಿಂಗರಾಜ್ ಹರಿಹರದ ಬಸ್ಸಿನ ಹೊತ್ತು ನೋಡುತ್ತಿದ್ದವನು, ಎದ್ದು ಅಡುಗೆ ಮನೆ ಬಾಗಿಲಲ್ಲಿದ್ದ ಬುಟ್ಟಿಯಿಂದ ಎರಡು ಸೋರೆಕಾಯಿ ಎತ್ತಿಕೊಂಡ. ಎರಡನ್ನೂ ತೊಟ್ಟಿಗೆ ಬಿಟ್ಟು, ಮೇಲೆ ಚಪಾತಿ ಮಣೆ ಇಟ್ಟ. ಮಣೆ ಅಲುಗಾಡದೆ ಕೂತಿತು.

ನಿಂಗರಾಜ್: ಇದು ಜೋಡಿ ತಳ. ಜೋಡೆತ್ತಿನ ಗಾಡಿ ಇದ್ದಂಗೆ. ಕೆಳಗ ಎರಡು ಉದ್ದನೆ ಹೊಟ್ಟಿ, ಮ್ಯಾಲೆ ಹಲಗಿ, ಎರಡರ ನಡುವೆ ನೀರು ಹರ್ಕಂಡು ಹೋಗ್ತೈತೆ. ಒಲ್ಯಾಡಂಗಿಲ್ಲ. ನಿಂತ್ಕಂಡು ಮಿರ್ಚಿ ತಿನ್ನಬಹುದು. ಮತ್ತೆ ಎರಡು ಹೊಟ್ಟಿಗೂ ಹೊರಮೈ ಐತೆ. ಅರ್ಧ ನೀರಾಗಿರ್ತೈತೆ, ಅರ್ಧ ಮ್ಯಾಲಿರ್ತೈತೆ.

ನಿರ್ಮಲಮ್ಮ: ಎರಡು ಹೊಟ್ಟಿ ಅಂದ್ರೆ ಎರಡು ಹೆಸರು.

ಕರಿಬಸವರಾಜ: ಎರಡಕ್ಕೂ ನನ್ನದೇ ಹಾಕಾನ. ಆ ದಂಡಿಗೊಂದು, ಈ ದಂಡಿಗೊಂದು.

ನಿರ್ಮಲಮ್ಮ: ಮಂಡಕ್ಕಿ.

ಕರಿಬಸವರಾಜ: ಆತು ಮಾರಾಯ್ತಿ! ಒಂದು ನಂದು, ಒಂದು ನಿಂದು. ಆದ್ರೆ ಊರ ಕಡೆ ಮುಖ ಇರೋ ಹೊಟ್ಟಿ ನಂದು.

ನಿಂಗರಾಜ್: ದೋಣಿ ತಿರುಗ್ತೈತಲ್ರಿ.

ಕರಿಬಸವರಾಜ: ತಿರುಗಿಸಬ್ಯಾಡ. ಹಿಂದಕ್ಕೆ ಬಾ.

ನಿಂಗರಾಜ್: ಅಲ್ಯೂಮಿನಿಯಂ ತಗಡಿನಾಗೆ ಮಾಡ್ತೀನಿ, ಹಗುರ. ಒಂದು ಮಾತು ನೆನಪಿಡ್ರಿ ಸಾವ್ಕಾರ್ರೆ, ಹೊಟ್ಟಿ ಒಳಗ ಏನೂ ಇರಂಗಿಲ್ಲ. ಬರೀ ಗಾಳಿ. ಆ ಗಾಳೀನೇ ದೋಣಿ ಜೀವ.

'ತಗಡು' ಎಂಬ ಮಾತು ಕೇಳಿದ್ದೇ ಕರಿಬಸವರಾಜರ ಕಣ್ಣು ಹೊಳೆದವು. ಗಾಳಿಯ ಮಾತು ಕಿವಿಗೆ ಬೀಳಲಿಲ್ಲ.

ಕರಿಬಸವರಾಜ: ತಗಡಾ? ಹಂಗಾದ್ರೆ ಅದೂ ಒಂದು ಪಾತ್ರೇನೇ ಬಿಡು!

ನಿಂಗರಾಜ್: ಹೆಸರು ಎರಡನ್ನೂ ನಾನೇ ಪೇಂಟ್ ಮಾಡಿ ಕೊಡ್ತೀನಿ.

ಕರಿಬಸವರಾಜ: ಪೇಂಟಾ! ಪೇಂಟ್ ಎರಡು ಮಳಿಗಾಲ ನಿಲ್ಲಂಗಿಲ್ಲ. ಆಕಿ ಹೆಸರಿಗೆ ಪೇಂಟ್ ಸಾಕು, ಮಾಡು. ನನ್ನ ಕಡೆ ಹೊಟ್ಟಿ ಖಾಲಿ ಬಿಡು. ಅದು ನನ್ನ ಕೆಲಸ.

ನಿಂಗರಾಜ್: ಸ್ಟಿಕ್ಕರ್ ಅಂಟಿಸ್ತೀರಾ?

ಕರಿಬಸವರಾಜ: ಸ್ಟಿಕ್ಕರಂತೆ! ನೀನು ಬಸ್ಸಿಗೆ ಹೋಗು.

ನಿರ್ಮಲಮ್ಮ: ಪೇಂಟ್ ಆದ್ರೂ ಆಗ್ಲಿ, 'ಮ್ಮ' ಬಿಡಬ್ಯಾಡ ಕಣೋ ನಿಂಗರಾಜ. ಪೂರಾ ಬರಿ. ಕೆಂಪು ಬಣ್ಣದಾಗೆ.

ಒಂದು ತಿಂಗಳು ಕಳೆಯಿತು. ಕೊಂಡಜ್ಜಿ ಕೆರೆಯ ದಂಡೆಯ ಮೇಲೆ ಬೆಳಗಿನ ಹತ್ತು ಗಂಟೆಗೇ ಜನ ಸೇರಿದರು. ಹರಿಹರದಿಂದ ಟ್ರ್ಯಾಕ್ಟರಿನ ಮೇಲೆ ಬಂದ ಜೋಡಿ ತಳದ ದೋಣಿ ಜೊಂಡಿನ ಪಕ್ಕ ನೀರಿಗಿಳಿದು ಬೆಳ್ಳಗೆ ಮಿಂಚುತ್ತಿತ್ತು. ಆಚೆ ಬದಿಯ ಹೊಟ್ಟೆಯ ಮೇಲೆ ಕೆಂಪು ಬಣ್ಣದಲ್ಲಿ ನಿರ್ಮಲಮ್ಮನ ಹೆಸರು, ಕೆರೆಯ ನಡುವಿನ ಕಡೆಗೆ ಮುಖ ಮಾಡಿ. ದಂಡೆಯ ಬದಿಯ ಹೊಟ್ಟೆಗೆ ಬಟ್ಟೆಯ ಹಳೆಯ ಬ್ಯಾನರೊಂದನ್ನು ಸುತ್ತಿ ದಾರದಲ್ಲಿ ಕಟ್ಟಲಾಗಿತ್ತು.

ಕೆರೆ ಸಮಿತಿಯ ಅಧ್ಯಕ್ಷ ಮೈಲಾರಲಿಂಗಪ್ಪನವರಿಗೆ ಹೋದ ತಿಂಗಳಷ್ಟೇ ಕಣ್ಣಿನ ಪೊರೆ ತೆಗೆದಿದ್ದರು. ಹೊಸ ಕನ್ನಡಕ ಬಂದಾಗಿನಿಂದ ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುವುದು ಅವರಿಗೆ ಚಟವಾಗಿತ್ತು.

ಮೈಲಾರಲಿಂಗಪ್ಪ: ಆ...ಷಾ...ಢ ಮಾಸದ ಭ...ರ್ಜರಿ ರಿಯಾಯಿತಿ. ಸಾವ್ಕಾರ್ರೆ, ದೋಣಿಗೂ ರಿಯಾಯಿತಿ ಐತೇನ್ರಿ?

ಕರಿಬಸವರಾಜ: ಅದು ಹೊದಿಕೆ ಗೌಡ್ರೆ. ಅಂಗಡಿ ಹಳೇ ಬ್ಯಾನರ್. ಒಳಗೈತೆ ಓದೋದು.

ಮೈಲಾರಲಿಂಗಪ್ಪ: ನೀವು ಹಾಕ್ಕಂಡ ಅಂಗಿ ಮ್ಯಾಲೆ ಏನೈತೆ? ಎಕ್ಸ್... ಎಲ್.

ಕರಿಬಸವರಾಜ: ಲೈಫ್ ಜಾಕೆಟ್ ಅಳತೆ ಅದು!

ನಿಂಗರಾಜ್: ಸಾವ್ಕಾರ್ರೆ, ಆ ಬಟ್ಟಿ ಒಂದೀಟು ಬಿಚ್ರಿ, ಹೊಟ್ಟಿ ನೋಡ್ತೀನಿ. ಜನ ಹತ್ತೋ ಮುಂಚೆ ನೋಡ್ಬೇಕು.

ಕರಿಬಸವರಾಜ: ನೀರಿನ ಮ್ಯಾಲೇ ಅನಾವರಣ. ಅಲ್ಲಿವರೆಗೆ ಯಾರೂ ಮುಟ್ಟಂಗಿಲ್ಲ. ನಿನ್ನೆ ನೀನು ಮೋಟಾರು ತರಾಕ ಹೋದಾಗ ನಿನ್ನ ಶೆಡ್ಡಿನಾಗೇ ಕೂತು ಮುಗಿಸಿ, ಕಟ್ಟಿ ಬಂದೀನಿ.

ನಿಂಗರಾಜ್: ಏನು ಮುಗಿಸಿದ್ರಿ?

ಕರಿಬಸವರಾಜ: ನೋಡ್ತಿಯಲ್ಲ.

ಮಂಡಕ್ಕಿಯ ಚೀಲ ಹೊರಿಸಿಕೊಂಡು ನಿರ್ಮಲಮ್ಮ ಬಂದರು. ಮೈಲಾರಲಿಂಗಪ್ಪ ಕನ್ನಡಕ ಸರಿಪಡಿಸಿಕೊಂಡರು. ಓದಲು ನಿರ್ಮಲಮ್ಮನ ಮುಖದ ಮೇಲೆ ಏನೂ ಬರೆದಿರಲಿಲ್ಲ.

ಮೈಲಾರಲಿಂಗಪ್ಪ: ನೀನು ಬಸಣ್ಣನ ಮಗಳಲ್ಲೇನವ್ವ?

ನಿರ್ಮಲಮ್ಮ: ಹೌದು ದೊಡ್ಡಪ್ಪ. ಈ ಕೆರ್ಯಾಗೇ ಈಸ್ತಿದ್ದೆ, ನೀನೇ ಬೈದು ಓಡಿಸ್ತಿದ್ದಿ.

ಮೈಲಾರಲಿಂಗಪ್ಪ: ಪುಟ್ಟಿ! ಪುಟ್ಟಿ ಅಂತ ಕರೀತಿದ್ವಿ. ಈಗ ಸಾವ್ಕಾರ್ರ ಮನೆಯೋರು. ಭಾಷಣ ಬರಕಂಡೀನಿ ನೋಡವ್ವ, 'ದಾನಿಗಳಾದ ಶ್ರೀ ಕರಿಬಸವರಾಜ ಮತ್ತು ಕುಟುಂಬ'.

ನಿರ್ಮಲಮ್ಮ: ದೊಡ್ಡಪ್ಪ, ಆ ಕುಟುಂಬಕ್ಕೆ ಒಂದು ಹೆಸರೈತೆ.

ಮೈಲಾರಲಿಂಗಪ್ಪ: ಏನವ್ವ ಅದು?

ಕರಿಬಸವರಾಜ: ಹತ್ತೇ, ಹತ್ತು! ರಾಹುಕಾಲ ಬರ್ತೈತೆ!

ಹೆಸರು ಹೇಳುವುದು ಬಾಯಲ್ಲೇ ಉಳಿಯಿತು. ನಿರ್ಮಲಮ್ಮ ಮಂಡಕ್ಕಿ ಚೀಲದ ಸಮೇತ ತಮ್ಮ ಹೊಟ್ಟೆಯ ಕಡೆ ಕೂತರು. ಕರಿಬಸವರಾಜ ಹಾರ ಹಾಕಿಕೊಂಡು ತಮ್ಮ ಹೊಟ್ಟೆಯ ಕಡೆ, ದಂಡೆಗೆ ಮುಖ ಮಾಡಿ ನಿಂತರು. ನಿಂಗರಾಜ್ ಹಿಂದೆ ಮೋಟಾರಿನ ಬಳಿ. ಮೈಲಾರಲಿಂಗಪ್ಪ ಮಾತ್ರ ಹತ್ತಲಿಲ್ಲ. ದಂಡೆಯ ಮೇಲಿದ್ದರೆ ಓದಲು ಅನುಕೂಲ ಎಂದರು. ದೋಣಿ ಹತ್ತು ಮಾರು ಮುಂದೆ ಹೋಯಿತು. ಕರಿಬಸವರಾಜ ದಾರ ಎಳೆದರು. ಆಷಾಢದ ರಿಯಾಯಿತಿ ನೀರಿಗೆ ಬಿತ್ತು.

ಕರಿಬಸವರಾಜ: ಓದ್ರಿ ಗೌಡ್ರೆ! ಜೋರಾಗಿ!

ಮೈಲಾರಲಿಂಗಪ್ಪ: ಕ...ರಿ...ಬ...ಸ...ವ...ರಾ...ಜ. ಕರಿಬಸವರಾಜ!

ದಂಡೆಯ ಜನ ಚಪ್ಪಾಳೆ ತಟ್ಟಿದರು. ಕರಿಬಸವರಾಜ ಕೈ ಮುಗಿದರು. ಕಾಲ ಕೆಳಗಿನಿಂದ ಗುಳುಗುಳು ಸದ್ದು ಬಂತು.

ಕರಿಬಸವರಾಜ: ಇನ್ನೊಂದ್ಸಲ!

ಮೈಲಾರಲಿಂಗಪ್ಪ: ಕರಿಬಸವರಾ.

ಕರಿಬಸವರಾಜ: 'ಜ' ಬಿಟ್ರಿ!

ಮೈಲಾರಲಿಂಗಪ್ಪ: ನಾನು ಬಿಟ್ಟಿಲ್ಲ. ಅದೇ ಇಲ್ಲ. ಕರಿಬಸವ.

ನಿಂಗರಾಜ್: ಸಾವ್ಕಾರ್ರೆ, ದೋಣಿ ನಿಮ್ಮ ಕಡೆ ಹಿಂದಿನ ತುದಿಗೆ ವಾಲ್ತೈತೆ. ಹೆಸರು ಹೆಂಗೆ ಬರೆದ್ರಿ?

ಕರಿಬಸವರಾಜ: ಬರೀಲಿಲ್ಲ ಕಣೋ, ಕೊರೆದೆ! ನಮ್ಮಪ್ಪನ ಅಂಗಡ್ಯಾಗೆ ನನ್ನ ಮೊದಲ ಕೆಲಸಾನೇ ಅದು.

ಮೈಲಾರಲಿಂಗಪ್ಪ: ಕರಿಬಸ.

ನಿಂಗರಾಜ್: ಕೊರೆದ್ರಾ! ಏನ್ರಾಗೆ?

ಕರಿಬಸವರಾಜ: ಪಾತ್ರೆ ಕೊರೆಯೋ ಮಷಿನ್ ತಗಂಡೋಗಿದ್ದೆ. ಅಕ್ಷರ ತೀರಾ ಸಣ್ಣವು ಬಂದ್ವು, ದಂಡಿಗೆ ಕಾಣಂಗಿಲ್ಲ. ಅದಕ್ಕೆ ನಿನ್ನ ಡ್ರಿಲ್ ಮಷಿನ್ ತಗಂಡೆ. ಚುಕ್ಕಿ ಚುಕ್ಕಿ, ಇನ್ನೂರ ನಲವತ್ತು ಚುಕ್ಕಿ. ಒಂದೂ ಓರೆ ಇಲ್ಲ.

ನಿಂಗರಾಜ್: ಎಷ್ಟು ಆಳ?

ಕರಿಬಸವರಾಜ: ಅಳಿಸಿ ಹೋಗಬಾರ್ದಲ್ಲೋ. ಆಚೆ ಕಡೆ ಟಕ್ ಅನ್ನೋವರೆಗೆ ಬಿಟ್ಟೆ.

ಮೈಲಾರಲಿಂಗಪ್ಪ: ಕರಿಬ. ಯಾರಪ್ಪ ಈ ಕರಿಬ?

ನಿಂಗರಾಜ್: ಅಯ್ಯೋ ನಮ್ಮಪ್ಪ! ಸಾವ್ಕಾರ್ರೆ, ನೀವು ಕೊಡಪಾನಕ್ಕೂ ಹಿಂಗೇ ತೂತು ಕೊರೀತೀರೇನ್ರಿ?

ಕರಿಬಸವರಾಜ: ಕೊಡಕ್ಕೆ ಯಾರಾದ್ರೂ ತೂತು ಕೊರೀತಾರೇನೋ ಹುಚ್ಚಪ್ಪ? ನೀರು ಹೊರಗ ಸೋ...

ಮಾತು ಅಲ್ಲಿಗೆ ನಿಂತಿತು. ಕೊಡದಲ್ಲಿ ನೀರು ಒಳಗಿನಿಂದ ಹೊರಗೆ ಹೋಗುತ್ತದೆ. ದೋಣಿಯಲ್ಲಿ ಹೊರಗಿನಿಂದ ಒಳಗೆ ಬರುತ್ತದೆ. ನಲವತ್ತು ವರ್ಷ ಪಾತ್ರೆ ಮಾರಿದವರಿಗೆ ಈ ವ್ಯತ್ಯಾಸ ತಿಳಿಯುವ ಹೊತ್ತಿಗೆ ನೀರು ಪಾದ ಮುಟ್ಟಿತ್ತು.

ಮೈಲಾರಲಿಂಗಪ್ಪ: ಕರಿ. ಕ. ಮುಗೀತು. ಇನ್ನೇನೂ ಇಲ್ಲ ಓದಾಕೆ.

ನಿರ್ಮಲಮ್ಮ: ರೀ, ನನ್ನ ಕಡೆ ಬರ್ರಿ!

ಕರಿಬಸವರಾಜ: ಬರಲ್ಲ! ನನ್ನ ಹೆಸರು ಇಲ್ಲೈತೆ!

ಜೋಡೆತ್ತಿನಲ್ಲಿ ಒಂದು ಮಲಗಿದರೆ ಗಾಡಿ ಆ ಕಡೆಗೇ ತಿರುಗುತ್ತದೆ. ನೀರು ತುಂಬಿದ ಹೊಟ್ಟೆ ಕೆಸರಿಗೆ ಊರಿಕೊಂಡಿತು. ಮೋಟಾರು ಮಾತ್ರ ತಳ್ಳುತ್ತಲೇ ಇತ್ತು. ದೋಣಿ ಗಿರ್ರನೆ ಅರ್ಧ ಸುತ್ತು ಹೊಡೆದು, ಕೆಮ್ಮಿ ನಿಂತಿತು. ಆ ಅರ್ಧ ಸುತ್ತಿನಲ್ಲೇ ಕರಿಬಸವರಾಜ ಹಾರದ ಸಮೇತ ಜಾರಿ ನೀರಿಗೆ ಬಿದ್ದರು. ಇಷ್ಟು ಹೊತ್ತು ಕೆರೆಯ ನಡುವಿಗೆ ಮುಖ ಮಾಡಿದ್ದ ಇನ್ನೊಂದು ಹೊಟ್ಟೆ ಈಗ ದಂಡೆಯ ಕಡೆಗಿತ್ತು. ಅದು ನೀರು ಬಿಟ್ಟು ಮೇಲೆದ್ದಿತ್ತು, ತಳದ ಸಮೇತ. ಅದರ ತುದಿಯಲ್ಲಿ ನಿರ್ಮಲಮ್ಮ ಮಂಡಕ್ಕಿಯ ಚೀಲ ತಬ್ಬಿಕೊಂಡು ಒಂದು ಹನಿ ನೀರೂ ಸೋಕದೆ ಕೂತಿದ್ದರು.

ಮೈಲಾರಲಿಂಗಪ್ಪ: ತಡೀರಿ, ತಡೀರಿ, ಇಲ್ಲೇನೋ ಬಂತು! ನಿ...ರ್ಮ...ಲ...ಮ್ಮ. ನಿರ್ಮಲಮ್ಮ! ಯಾರಪ್ಪ ಈಕಿ?

ನಿರ್ಮಲಮ್ಮ: ನಾನೇ ದೊಡ್ಡಪ್ಪ!

ಮೈಲಾರಲಿಂಗಪ್ಪ: ನೀನಾ? ಪುಟ್ಟಿ, ನಿನ್ನ ಹೆಸರು ನಿರ್ಮಲಮ್ಮನೇನವ್ವ? ಇಷ್ಟು ವರ್ಷ ಯಾರೂ ಹೇಳಲೇ ಇಲ್ಲ!

ನಿರ್ಮಲಮ್ಮ: ಯಾರೂ ಬರೀಲೇ ಇಲ್ಲ ದೊಡ್ಡಪ್ಪ.

ಕರಿಬಸವರಾಜ: ನಿರ್ಮಲಾ! ಲೇ ನಿರ್ಮಲಾ! ನಂಗೆ ಈಸು ಬರಂಗಿಲ್ಲ!

ನಿರ್ಮಲಮ್ಮ: ಮೂವತ್ತೆರಡು ವರ್ಷಕ್ಕೆ ಹೆಸರು ಹಿಡಿದು ಕರದ್ರಿ. ನಿಂತ್ಕಳ್ರಿ. ಸೊಂಟದ ಮಟ ಐತೆ ನೀರು.

ಕರಿಬಸವರಾಜ ಕಾಲು ಊರಿ ನೋಡಿದರು. ನಿಜ. ಆದರೆ ಕೆಸರು ಕಾಲನ್ನು ಹಿಡಿದುಕೊಂಡಿತು. ಲೈಫ್ ಜಾಕೆಟ್ ಕಿವಿಯವರೆಗೆ ಏರಿ ಕೂತಿತು. ದಂಡೆಯ ಜನಕ್ಕೆ ಕಾಣುತ್ತಿದ್ದದ್ದು 'ಎಕ್ಸ್‌ಎಲ್' ಎಂಬ ಅಕ್ಷರ, ಅದರ ಮೇಲೆ ಎರಡು ಕಣ್ಣು.

ನಿಂಗರಾಜ್: ಸಾವ್ಕಾರ್ರೆ, ಕೊನಿಗೂ ತಳ ಕಂಡಂಗಾತು ನೋಡ್ರಿ.

ಕರಿಬಸವರಾಜ: ಬಾಯಿ ಮುಚ್ಚೋ! ಗೌಡ್ರೆ, ಭಾಷಣದಾಗಾದ್ರೂ ನನ್ನ ಹೆಸರು ಸರಿಯಾಗಿ ಓದ್ರಿ!

ಮೈಲಾರಲಿಂಗಪ್ಪ ಜೇಬಿನಿಂದ ಭಾಷಣದ ಕಾಗದ ತೆಗೆದರು. ಕಾಗದ ನೋಡಿದರು, ಕೆರೆ ನೋಡಿದರು. ಎರಡೂ ತಾಳೆಯಾಗಲಿಲ್ಲ. ಪೆನ್ನು ತೆಗೆದು ಒಂದು ಗೀಟು ಹಾಕಿದರು, ಮೇಲೆ ಏನೋ ಬರೆದರು.

ಮೈಲಾರಲಿಂಗಪ್ಪ: ನಾನು ಕಂಡದ್ದನ್ನ ಓದೋನು ಸಾವ್ಕಾರ್ರೆ. ಕೇಳ್ರಪ್ಪ ಎಲ್ಲಾರೂ! ಈ ದೋಣಿಯನ್ನು ನಮ್ಮ ಕೆರೆಗೆ ಕೊಟ್ಟ ದಾನಿಗಳು, ಶ್ರೀಮತಿ ನಿರ್ಮಲಮ್ಮ... ಮತ್ತು ಕುಟುಂಬ!

ಚಪ್ಪಾಳೆ ಜೋರಾಗಿ ಬಿತ್ತು. ನಿರ್ಮಲಮ್ಮ ಮಂಡಕ್ಕಿಯ ಚೀಲ ಬಿಚ್ಚಿದರು. ಜನರೆಲ್ಲ ಆ ಕಡೆ ತಿರುಗಿದರು. ಆಗ ಕೆರೆಯ ನೀರಿನಿಂದ, ತಾವರೆಯ ಮೊಗ್ಗಿನಂತೆ, ಒಂದು ಕೈ ಮೇಲೆದ್ದಿತು.

ಕರಿಬಸವರಾಜ: ಕುಟುಂಬ ಇಲ್ಲೈತ್ರಪ್ಪೋ! ಯಾರಾದ್ರೂ ಕುಟುಂಬಕ್ಕೆ ಒಂದು ಕೈ ಕೊಡ್ರಿ!